ಎದ್ದು ಹೋಗುವ ಮೊದಲು ಎಲ್ಲಿ ಕೂತಿದ್ದರು?

ಲೆಕ್ಕ ಪರಿಶೋಧನೆಗೆ ಹೋದ ಕಡೆಯಲ್ಲೆಲ್ಲ ನಾನು ಮೊದಲು ಕೇಳುವುದು ಸಭೆಯ ನಡಾವಳಿ ಪುಸ್ತಕ. ಕ್ಯಾಶ್ ಬುಕ್ಕು, ವೋಚರು ಎಲ್ಲಾ ಆಮೇಲೆ. ದುಡ್ಡು ಎಲ್ಲಿಗೆ ಹೋಯಿತು ಎಂದು ವೋಚರು ಹೇಳುತ್ತದೆ. ಅಲ್ಲಿಗೇ ಯಾಕೆ ಹೋಯಿತು ಎನ್ನುವುದು ನಡಾವಳಿಯಲ್ಲಿ ಸಿಗಬೇಕು.

ಒಮ್ಮೆ ಒಂದು ಸ್ಥಳೀಯ ಕೈಗಾರಿಕಾ ಪ್ರದೇಶದ ಕಡತ ನನ್ನ ಮುಂದೆ ಬಂತು. ಜಾಗ ಸಮತಟ್ಟು ಮಾಡಿ ರಸ್ತೆ, ನೀರು, ಕರೆಂಟು ಒದಗಿಸಲು ಸಾರ್ವಜನಿಕ ಹಣ ಹಾಕುವ ಯೋಜನೆ. ಸಮಿತಿಯ ಸದಸ್ಯರೊಬ್ಬರಿಗೆ ಪಕ್ಕದಲ್ಲೇ ಜಮೀನಿತ್ತು. ಹಾಗೆ ಜಮೀನಿದೆ ಎಂದು ಅವರು ಸಮಿತಿಗೆ ಬರವಣಿಗೆಯಲ್ಲೇ ತಿಳಿಸಿದ್ದರು. ಹಣ ಮಂಜೂರಾದ ದಿನ, ಆ ತೀರ್ಮಾನದಲ್ಲಿ ತಮ್ಮ ಪಾಲು ಇರಬಾರದೆಂದು ಸಭೆಯಿಂದ ಎದ್ದೂ ಹೋಗಿದ್ದರು. ‘11.10ಕ್ಕೆ ಹೊರಗೆ, 11.25ಕ್ಕೆ ಒಳಗೆ’ ಎಂದು ಚೊಕ್ಕವಾಗಿ ದಾಖಲಾಗಿತ್ತು.

ಆಮೇಲೆ ನಕ್ಷೆಗಳನ್ನು ಬಿಚ್ಚಿದೆ. ಮೊದಲನೆಯದರಲ್ಲಿ ರಸ್ತೆ ಹೆದ್ದಾರಿಯಿಂದ ನೇರ ಬರುತ್ತಿತ್ತು. ಮಂಜೂರಾತಿಗೆ ನಾಲ್ಕು ತಿಂಗಳು ಮುಂಚಿನ ಎರಡನೇ ನಕ್ಷೆಯಲ್ಲಿ ಅದೇ ರಸ್ತೆ ಸುತ್ತಿ ಬಳಸಿ ಬಂದು ಆ ಜಮೀನಿನ ಅಂಚು ಮುಟ್ಟಿತ್ತು. ಆ ನಕ್ಷೆ ಒಪ್ಪಿದ ಸಭೆಯ ಹಾಜರಿಯಲ್ಲಿ ಅದೇ ಸದಸ್ಯರ ಸಹಿ. ಬದಲಾವಣೆಗೆ ಕೊಟ್ಟ ಕಾರಣ ‘ತಾಂತ್ರಿಕ’ ಎಂಬ ಒಂದೇ ಪದ.

ಅವರು ರಸ್ತೆ ತಿರುಗಿಸಿ ಎಂದು ಕೇಳಿರಲಿಕ್ಕಿಲ್ಲ. ನಿಜವಾಗಿಯೂ ಅಲ್ಲೊಂದು ಬಂಡೆಯೋ ಹಳ್ಳವೋ ಇದ್ದಿರಬಹುದು. ಆದರೆ ಅದನ್ನು ತೋರಿಸುವ ಒಂದು ಹಾಳೆಯೂ ಕಡತದಲ್ಲಿರಲಿಲ್ಲ. ತಪ್ಪು ಮಾಡದವರನ್ನು ಕಾಪಾಡುವುದಕ್ಕೂ ದಾಖಲೆ ಬೇಕು, ಅಲ್ವಾ?

ಇಲ್ಲಿ ದುಡ್ಡು ಹೇಗೆ ಬರುತ್ತದೆ ಎಂದು ತಿಳಿದರೆ ವಿಷಯ ಅರ್ಥವಾಗುತ್ತದೆ. ಕಾರ್ಖಾನೆ ಬರುವ ಮೊದಲೇ ಜಾಗ ಸಿದ್ಧ ಮಾಡಬೇಕು. ಅದಕ್ಕೆ ಸರ್ಕಾರದ ಅನುದಾನ ಇರುತ್ತದೆ, ಬಾಂಡ್ ಅಂದರೆ ಸಾಲಪತ್ರ ಇರುತ್ತದೆ. ಕೆಲವು ದೇಶಗಳಲ್ಲಿ ಇನ್ನೊಂದು ದಾರಿಯಿದೆ. ಆ ಪ್ರದೇಶದ ಆಸ್ತಿ ತೆರಿಗೆ ಮುಂದೆ ಎಷ್ಟು ಏರಬಹುದೋ ಅದನ್ನೇ ನೆಚ್ಚಿಕೊಂಡು ಇವತ್ತು ಸಾಲ ಎತ್ತುತ್ತಾರೆ. ಕಾರ್ಖಾನೆ ಬರಲಿ, ಬಿಡಲಿ, ಸಾಲ ಸಾಮಾನ್ಯವಾಗಿ ಸ್ಥಳೀಯ ಸಂಸ್ಥೆಯ ತಲೆಯ ಮೇಲೆ ಕೂರುತ್ತದೆ. ಪಕ್ಕದ ಜಮೀನಿನ ಬೆಲೆಯಾದರೋ ನಕ್ಷೆಯಲ್ಲಿ ಗೆರೆ ಬಿದ್ದ ದಿನವೇ ಏರಲು ಶುರು. ಕೈ ಎತ್ತಿ ಮತ ಹಾಕುವ ಹೊತ್ತಿಗೆ ಲಾಭ ಆಗಬೇಕಾದವರಿಗೆ ಆಗಿಬಿಟ್ಟಿರುತ್ತದೆ.

ಹುದ್ದೆಯ ಕರ್ತವ್ಯಕ್ಕೂ ಸ್ವಂತ ಲಾಭಕ್ಕೂ ತಿಕ್ಕಾಟ ಬರುವುದನ್ನು ಹಿತಾಸಕ್ತಿ ಸಂಘರ್ಷ ಎನ್ನುತ್ತಾರೆ. ಹಲವು ದೇಶಗಳ ಆರ್ಥಿಕ ಸಹಕಾರ ಸಂಘಟನೆಯಾದ ಒಇಸಿಡಿ 2003ರಲ್ಲಿ ಕೊಟ್ಟ ಮಾರ್ಗಸೂಚಿ ಅದನ್ನು ಮೂರು ಬಗೆಯಾಗಿ ನೋಡುತ್ತದೆ: ಈಗಾಗಲೇ ಇರುವುದು, ಇದೆ ಎಂದು ಹೊರಗಿನವರಿಗೆ ಕಾಣುವುದು, ಮುಂದೆ ಹುಟ್ಟಬಹುದಾದದ್ದು. ನಮ್ಮ ಸಮಿತಿಗಳ ಫಾರಂಗಳು ಮೊದಲನೆಯದನ್ನು ಮಾತ್ರ ಕೇಳುತ್ತವೆ. ಮೂರನೆಯದೇ ಇಲ್ಲಿ ಜಾಸ್ತಿ ಮುಖ್ಯ ಎನ್ನುವುದು ನನ್ನ ಅನುಭವ. ಜಾಗಗಳ ಮೊದಲ ಪಟ್ಟಿ ಮೇಜಿಗೆ ಬರುವ ಮುನ್ನವೇ ಸದಸ್ಯರು ತಮ್ಮ, ಮನೆಯವರ, ಪಾಲುದಾರರ ಜಮೀನು ಎಲ್ಲೆಲ್ಲಿದೆ ಎಂದು ಬರೆದುಕೊಡಬೇಕು. ಖರೀದಿಗೆ ಮುಂಗಡ ಕೊಟ್ಟ ಜಾಗವೂ ಅದರಲ್ಲಿ ಸೇರಬೇಕು.

ಸಲಹೆಗಾರರ ಮಾತೂ ಅಷ್ಟೇ. ಯೋಜನೆ ಲಾಭದಾಯಕ ಎಂದು ವರದಿ ಕೊಟ್ಟವರಿಗೇ ಮುಂದಿನ ಎಂಜಿನಿಯರಿಂಗ್ ಗುತ್ತಿಗೆ ಸಿಗುವುದಾದರೆ, ಆ ವರದಿಯನ್ನು ಬೇರೆಯವರಿಂದ ಓದಿಸಿ. ಇದರಲ್ಲಿ ನನಗೆ ಎರಡು ಮಾತಿಲ್ಲ.

ಯೋಜನೆಯನ್ನು ಗುಟ್ಟಾಗಿಡುವ ಪ್ರಶ್ನೆ ಇನ್ನೂ ಕಷ್ಟದ್ದು. 2017ರಲ್ಲಿ ಅಮೆಜಾನ್ ತನ್ನ ಎರಡನೇ ಕೇಂದ್ರ ಕಚೇರಿಗೆ ಜಾಗ ಹುಡುಕಿದಾಗ 238 ಪ್ರಸ್ತಾವಗಳು ಬಂದವು. ಎಷ್ಟೋ ಊರುಗಳು ತಾವು ಏನೇನು ರಿಯಾಯಿತಿ ಕೊಡಲು ಹೊರಟಿದ್ದೇವೆ ಎಂದು ತಮ್ಮ ಜನಕ್ಕೇ ಹೇಳಲಿಲ್ಲ. ಕಂಪನಿಯ ಹೆಸರು ಬೇಗ ಹೊರಬಿದ್ದರೆ ಜಮೀನಿನ ಬೆಲೆ ಏರುತ್ತದೆ ಎನ್ನುವ ವಾದ ಸುಳ್ಳಲ್ಲ. ಹಾಗಾಗಿ ಸ್ವಲ್ಪ ಕಾಲ ಗುಟ್ಟು ಇರಲಿ. ಆದರೆ ಆ ಗುಟ್ಟು ಯಾರಿಗೆ, ಯಾವ ದಿನ ತಿಳಿಯಿತು ಎಂಬ ಪಟ್ಟಿ ಇಡಬೇಕು. ಮುಂದೆ ಅದನ್ನು ಜಮೀನು ನೋಂದಣಿಯ ದಿನಾಂಕಗಳ ಪಕ್ಕ ಇಟ್ಟು ನೋಡಲು ಆಗುತ್ತದೆ. ಸಾರ್ವಜನಿಕ ಹಣ ಕಟ್ಟುವ ಮುನ್ನ ಗುಟ್ಟು ಮುಗಿಯಬೇಕು.

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮೌಂಟ್ ಪ್ಲೆಸೆಂಟ್ ಎಂಬ ಊರನ್ನು ನೋಡಿ. 2017ರಲ್ಲಿ ತೈವಾನಿನ ಎಲೆಕ್ಟ್ರಾನಿಕ್ಸ್ ಕಂಪನಿ ಫಾಕ್ಸ್‌ಕಾನ್ ಅಲ್ಲಿ 1,000 ಕೋಟಿ ಡಾಲರ್ ಹೂಡಿಕೆ, 13,000 ಉದ್ಯೋಗ ಎಂದಿತ್ತು. 2021ರ ಹೊಸ ಒಪ್ಪಂದದಲ್ಲಿ ಅದು 67.2 ಕೋಟಿ ಡಾಲರ್, 1,454 ಉದ್ಯೋಗಕ್ಕೆ ಇಳಿಯಿತು. ರಾಜ್ಯದ ತೆರಿಗೆ ರಿಯಾಯಿತಿ ಉದ್ಯೋಗ, ಹೂಡಿಕೆಯ ಲೆಕ್ಕಕ್ಕೆ ಗಂಟು ಹಾಕಿಕೊಂಡಿದ್ದರಿಂದ ಅದೂ ಇಳಿಯಿತು. ಜಮೀನಿಗೆ, ರಸ್ತೆಗೆ, ನೀರಿಗೆ ಹಾಕಿದ ಹಣ ಮಾತ್ರ ಅಷ್ಟರಲ್ಲಿ ಖರ್ಚಾಗಿತ್ತು. ಮುಂದೆ ಅಲ್ಲಿಗೆ ಮೈಕ್ರೋಸಾಫ್ಟ್ ಬಂತು, ನಿಜ. ಆದರೆ ಸಾಲ ಎತ್ತುವಾಗ ಯಾರೂ ಅದನ್ನು ಕಂಡಿರಲಿಲ್ಲ.

ನಾನು ಹೇಳಿದ ಆ ಕಡತಕ್ಕೆ ಆಕ್ಷೇಪಣೆ ಬರೆದೆ. ಸಮಿತಿಯ ಕಾರ್ಯದರ್ಶಿಗೆ ಬೇಸರವಾಯಿತು. “ಅವರು ಎದ್ದು ಹೋಗಿದ್ದರಲ್ಲ ಸರ್, ಇನ್ನೇನು ಮಾಡಬೇಕಿತ್ತು?” ಎಂದರು. ನಾನು ಎರಡೂ ನಕ್ಷೆಗಳನ್ನು ಅಕ್ಕಪಕ್ಕ ಹರಡಿದೆ. ಅವರು ರಸ್ತೆಯ ಗೆರೆಯ ಮೇಲೆ ಬೆರಳಿಟ್ಟು ತಿರುವಿನವರೆಗೆ ಬಂದು ನಿಂತರು. ಆಮೇಲೆ ಎರಡನೇ ನಕ್ಷೆಯ ಸಭೆ ಯಾವ ದಿನ ನಡೆದಿತ್ತು ಎಂದು ಕೇಳಿ, ಬರೆದುಕೊಂಡರು. ಮುಂದಿನ ವರ್ಷ ಹೋದಾಗ ಹೊಸ ಯೋಜನೆಯ ಕಡತ ತೆರೆದೆ. ಜಮೀನು ಘೋಷಣೆಯ ಹಾಳೆ ನಕ್ಷೆಗಿಂತ ಮುಂಚೆ ಇತ್ತು.