ನೋವಿಲ್ಲದ ಮಚ್ಚೆ

"ನೋವೇನಿಲ್ಲ ಡಾಕ್ಟ್ರೇ, ಅದಕ್ಕೇ ಸುಮ್ನಿದ್ದೆ." ನನಗೆ ದಿನವೂ ಸಿಟ್ಟು ತರಿಸುವ ಮಾತು ಇದು.

ಗಾಂಧಿ ಬಜಾರಿನ ಕಡೆ ಹೂವು ಮಾರುವ ಅಮ್ಮ ಒಬ್ಬರು ಬಂದಿದ್ದರು. ಬಂದದ್ದು ಕೆನ್ನೆಯ ಬಂಗಿಗೆ. ಚಪ್ಪಲಿ ಬಿಡುವಾಗ ಹಿಮ್ಮಡಿಯಲ್ಲಿ ಕಪ್ಪು ಕಂಡಿತು. ಒಂದು ರೂಪಾಯಿ ನಾಣ್ಯದಷ್ಟಿತ್ತು. ಒಂದು ಕಡೆ ಕಡುಗಪ್ಪು, ಇನ್ನೊಂದು ಕಡೆ ತಿಳಿಕಂದು, ಅಂಚು ಇಂಕು ಚೆಲ್ಲಿದ ಹಾಗೆ. "ಆಣಿ ಅಲ್ವಾ?" ಅಂದರು. ಎರಡು ವರ್ಷದಿಂದ ದೊಡ್ಡದಾಗುತ್ತಿತ್ತಂತೆ. ಮಗ ಆಣಿಗೆ ಹಾಕುವ ಔಷಧಿ ಪಟ್ಟಿ (ಕಾರ್ನ್ ಕ್ಯಾಪ್) ಅಂಟಿಸಿದ್ದ, ಬ್ಲೇಡಿನಲ್ಲಿ ಹೆರೆದಿದ್ದ.

ಆಣಿ ಒತ್ತಿದರೆ ನೋಯುತ್ತದೆ. ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್ ಶುರುವಿನಲ್ಲಿ ಸಾಮಾನ್ಯವಾಗಿ ನೋಯುವುದೇ ಇಲ್ಲ. ಹಾಗಾಗಿ ನೋವನ್ನು ಮರೆತುಬಿಡಿ. ಮಚ್ಚೆ ಬದಲಾಗುತ್ತಿದೆಯಾ, ಅಷ್ಟು ನೋಡಿ. ಕೆಲವು ತಿಂಗಳಲ್ಲಿ ಹರಡಿತಾ? ಒಂದೇ ಮಚ್ಚೆಯಲ್ಲಿ ಎರಡು ಮೂರು ಬಣ್ಣ ಬಂತಾ? ರಕ್ತ ಒಸರುತ್ತಾ? ಮೈಮೇಲಿನ ಬೇರೆ ಮಚ್ಚೆಗಳ ಹಾಗಿಲ್ಲದೆ ಇದೊಂದೇ ಬೇರೆ ಕಾಣುತ್ತಾ? ಅನುಮಾನ ಬಂದರೆ ಪಕ್ಕದಲ್ಲಿ ಸ್ಕೇಲಿಟ್ಟು ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು ಬನ್ನಿ. ಆದರೆ ಫೋಟೋ ತೆಗೆಯುತ್ತಾ ತಿಂಗಳುಗಟ್ಟಲೆ ಕಾಯಬೇಡಿ.

ಹೆದರಿಸುತ್ತಿಲ್ಲ. ನಮ್ಮವರಲ್ಲಿ ಈ ಕಾಯಿಲೆ ಅಪರೂಪ. ಹೆಚ್ಚಿನ ಮಚ್ಚೆಗಳು ಜೀವನಪೂರ್ತಿ ತಂಟೆ ಮಾಡುವುದಿಲ್ಲ. ಹರೆಯದಲ್ಲಿ ಹೊಸ ಮಚ್ಚೆ ಬರುವುದು ಸಹಜ. ಆದರೆ ನಮ್ಮ ಬಣ್ಣದವರಿಗೆ ಬಂದಾಗ ಅಂಗಾಲು, ಅಂಗೈ, ಉಗುರಿನ ಕೆಳಗೆ ಬರುವುದೇ ಜಾಸ್ತಿ. ಅಲ್ಲಿ ಯಾರೂ ನೋಡಿಕೊಳ್ಳುವುದಿಲ್ಲ. ಗಾಯಕ ಬಾಬ್ ಮಾರ್ಲಿಗೆ 1977ರಲ್ಲಿ ಕಾಲ್ಬೆರಳಿನ ಉಗುರಿನ ಕೆಳಗೆ ಮೆಲನೋಮಾ ಇರುವುದು ಗೊತ್ತಾಯಿತು. ಮೊದಲು ಫುಟ್‌ಬಾಲ್ ಆಡುವಾಗ ಬಿದ್ದ ಏಟು ಅಂದುಕೊಂಡಿದ್ದರು. 1981ರಲ್ಲಿ, 36ನೇ ವಯಸ್ಸಿಗೆ ತೀರಿಕೊಂಡರು. ಎಡವಿ ಹೆಪ್ಪುಗಟ್ಟಿದ ರಕ್ತವಾದರೆ ಉಗುರು ಬೆಳೆದಂತೆ ಮುಂದೆ ಸರಿಯುತ್ತದೆ. ಒಂದೇ ಉಗುರಿನಲ್ಲಿ ಕಪ್ಪು ಗೆರೆ ಅಲ್ಲೇ ನಿಂತು ಅಗಲವಾಗುತ್ತಿದ್ದರೆ ತೋರಿಸಲೇಬೇಕು.

ಇನ್ನೊಂದು ಮಾತು, ಕೈಮುಗಿದು ಹೇಳುತ್ತೇನೆ. ಸುಣ್ಣ, ಸೋಡಾ ಹಚ್ಚಿ ಸುಡಬೇಡಿ. ಪಾರ್ಲರಿನಲ್ಲಿ ಸುಡಿಸಬೇಡಿ. ಸುಟ್ಟುಹೋದ ಮೇಲೆ ಬಯಾಪ್ಸಿಗೆ, ಅಂದರೆ ಚರ್ಮದ ತುಣುಕಿನ ಪರೀಕ್ಷೆಗೆ, ಏನನ್ನು ಕಳಿಸಲಿ? ಆ ಅಮ್ಮನದು ಮೆಲನೋಮಾವೇ ಆಗಿತ್ತು. ಅದು ಎಷ್ಟು ಮಿಲಿಮೀಟರ್ ಆಳಕ್ಕೆ ಇಳಿದಿದೆ ಅನ್ನುವುದರ ಮೇಲೆಯೇ ಮುಂದಿನ ಚಿಕಿತ್ಸೆ. ಮೇಲಿನ ಭಾಗ ಬ್ಲೇಡಿಗೆ ಹೋಗಿದ್ದರಿಂದ ಅದನ್ನು ಸರಿಯಾಗಿ ಅಳೆಯಲು ಲ್ಯಾಬಿನವರಿಗೆ ಕಷ್ಟವಾಯಿತು.

ಆಪರೇಷನ್ ಆಯಿತು. ಈಗ ಮೂರು ತಿಂಗಳಿಗೊಮ್ಮೆ ಬರುತ್ತಾರೆ. ಮೊನ್ನೆ ಮಗನೂ ಜೊತೆಗಿದ್ದ. ನಾನು ಕೇಳುವ ಮೊದಲೇ ಅವನ ಸಾಕ್ಸ್ ಬಿಚ್ಚಿಸಿ ಕೂರಿಸಿದ್ದರು.