ಬಸಳೆ ಬಿಡಬೇಕೆ? ರಕ್ತ ಹೆಪ್ಪುಗಟ್ಟದ ಮಾತ್ರೆಯ ಹಿಂದುಮುಂದು

ಹೃದಯದ ಕವಾಟ ಬದಲಾಯಿಸಿಕೊಂಡು ಬಂದವರಿಗೆ ಅಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ಕೊಡುತ್ತಾರೆ. ಅವರನ್ನು ನೋಡಲು ಹೋಗುವ ನೆಂಟರು ಮಂಗಳೂರು, ಉಡುಪಿ ಕಡೆ ಎರಡು ಮಾತು ಹೇಳಿಯೇ ಏಳುತ್ತಾರೆ. ಒಂದು, "ಇನ್ನು ಬಸಳೆ ಮುಟ್ಟಬೇಡಿ ಮಾರಾಯ್ರೆ." ಇನ್ನೊಂದು, "ಆ ಇಂಗ್ಲಿಷ್ ಮಾತ್ರೆ ಎಷ್ಟು ದಿನ ಅಂತ ತಿನ್ನುವುದು? ಬೆಳ್ಳುಳ್ಳಿ ತಿಂದರೆ ರಕ್ತ ತೆಳು ಆಗ್ತದೆ." ಎರಡರಲ್ಲೂ ಒಂದೊಂದು ಎಳೆ ಸತ್ಯವಿದೆ. ಗೊಂದಲ ಬೆಳೆದದ್ದೂ ಅದರಿಂದಲೇ.

ಗಿಡದ ಮದ್ದು ಬೇರೆ, ಇಂಗ್ಲಿಷ್ ಮದ್ದು ಬೇರೆ ಎಂಬ ಲೆಕ್ಕ ರಕ್ತದ ವಿಷಯದಲ್ಲಿ ಯಾವತ್ತೂ ಸರಿ ಇರಲಿಲ್ಲ. ಬಿಪಿ ಇಳಿಸುವ ಮೊದಮೊದಲ ಮಾತ್ರೆಗಳಲ್ಲೊಂದು ನಮ್ಮ ಘಟ್ಟದ ಕಾಡಲ್ಲೂ ಬೆಳೆಯುವ ಸರ್ಪಗಂಧದ ಬೇರಿನಿಂದ ಬಂತು. ಮುಂಬಯಿಯ ವೈದ್ಯ ರುಸ್ತುಂ ಜಾಲ್ ವಕೀಲ್ 1949ರಲ್ಲಿ ಅದರ ಗುಣವನ್ನು ಬ್ರಿಟನ್ನಿನ ಹೃದ್ರೋಗ ಪತ್ರಿಕೆಯಲ್ಲಿ ಬರೆದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸಿಬಾ ಕಂಪನಿ ಆ ಬೇರಿನಿಂದ ರೆಸರ್ಪಿನ್ ಎಂಬ ಮದ್ದಿನ ಅಂಶವನ್ನು ಬೇರ್ಪಡಿಸಿತು. ಕೆಲವರಿಗೆ ಮನಸ್ಸು ಕುಗ್ಗತೊಡಗಿತು, ಬೇರೆ ಮಾತ್ರೆಗಳು ಬಂದವು, ಅದು ಮೂಲೆ ಸೇರಿತು. ಗಿಡವನ್ನೇ ಬೇರುಸಹಿತ ಕಿತ್ತು ಮಾರಿದ್ದರಿಂದ 1990ರಲ್ಲಿ ಅದರ ವ್ಯಾಪಾರಕ್ಕೆ ಅಂತರರಾಷ್ಟ್ರೀಯ ಕಡಿವಾಣ ಬಿತ್ತು.

ಹೆಪ್ಪುಗಟ್ಟುವಿಕೆಯ ಕಥೆ ಶುರುವಾದದ್ದು ಕೊಟ್ಟಿಗೆಯಲ್ಲಿ. 1920ರ ದಶಕದಲ್ಲಿ ಕೆನಡಾ ಮತ್ತು ಅಮೆರಿಕದ ಉತ್ತರ ಭಾಗದ ಬಯಲುಗಳಲ್ಲಿ ಸಣ್ಣ ಗಾಯಕ್ಕೂ ರಕ್ತ ನಿಲ್ಲದೆ ದನಗಳು ಸತ್ತವು. ಬೂಸ್ಟು ಹಿಡಿದ ಸ್ವೀಟ್ ಕ್ಲೋವರ್ ಮೇವೇ ಕಾರಣ ಎಂದು ಪಶುವೈದ್ಯ ಫ್ರಾಂಕ್ ಸ್ಕೋಫೀಲ್ಡ್ ಗುರುತಿಸಿದರು. 1933ರ ಹಿಮಪಾತದ ದಿನವೊಂದರಲ್ಲಿ ಒಬ್ಬ ರೈತ ಸತ್ತ ದನ, ಹಾಲಿನ ಕ್ಯಾನಿನಲ್ಲಿ ಹೆಪ್ಪುಗಟ್ಟದ ರಕ್ತ, ಕೆಟ್ಟ ಹುಲ್ಲು ಹೇರಿಕೊಂಡು ವಿಸ್ಕಾನ್ಸಿನ್ ವಿಶ್ವವಿದ್ಯಾಲಯಕ್ಕೆ ಬಂದ. ಕಾರ್ಲ್ ಪಾಲ್ ಲಿಂಕ್ ಅವರ ಪ್ರಯೋಗಾಲಯ 1939ರಲ್ಲಿ ರಕ್ತ ಹೆಪ್ಪುಗಟ್ಟಲು ಬಿಡದ ವಸ್ತುವನ್ನು, ಅಂದರೆ ಡೈಕೌಮರಾಲನ್ನು, ಹಿಡಿಯಿತು. ಹಸಿ ಮೇವಿನ ಪರಿಮಳಕ್ಕೆ ಕಾರಣವಾದ ಕೌಮರಿನ್ ದನಕ್ಕೆ ಈ ತೊಂದರೆ ಕೊಡುವುದಿಲ್ಲ, ಬೂಸ್ಟು ಅದನ್ನು ಡೈಕೌಮರಾಲ್ ಮಾಡುತ್ತದೆ. ಅದರ ಬಳಗದ ವಾರ್ಫರಿನ್ 1948ರಲ್ಲಿ ಇಲಿ ಪಾಷಾಣವಾಗಿ ಬಂದು 1954ರಲ್ಲಿ ಮನುಷ್ಯರ ಮದ್ದಾಯಿತು. ನಮ್ಮ ತೆಂಗಿನ ತೋಟದಲ್ಲಿ ಇಲಿಗೆ ಇಡುವ ಬ್ರೊಮಾಡಿಯೋಲೋನ್ ಬಿಲ್ಲೆಯೂ ಇದೇ ಬಳಗ. ಆಸ್ಪತ್ರೆಯ ಚೀಟಿಯಲ್ಲಿ ಬರುವ ಅಸಿನೋಕೌಮರಾಲ್ ಕೂಡ.

ಇವು ರಕ್ತವನ್ನು ನೀರು ಮಾಡುವುದಿಲ್ಲ. ಹೆಪ್ಪುಗಟ್ಟಿಸುವ ನಾಲ್ಕು ಪ್ರೋಟೀನ್‌ಗಳನ್ನು ಲಿವರ್ ತಯಾರಿಸುವಾಗ ವಿಟಮಿನ್ ಕೆ ಬೇಕು. ಒಮ್ಮೆ ಬಳಸಿದ ವಿಟಮಿನ್ನನ್ನು ಮತ್ತೆ ಕೆಲಸಕ್ಕೆ ತರುವ ಕಿಣ್ವವನ್ನು ಮಾತ್ರೆ ತಡೆಯುತ್ತದೆ. ಹಸಿರು ಸೊಪ್ಪಿನ ತುಂಬ ಇರುವುದು ಇದೇ ವಿಟಮಿನ್. ನೆಂಟರ ಮಾತಿನ ಮೂಲ ಅಲ್ಲಿದೆ.

ಆದರೆ ಡೋಸ್ ನಿರ್ಧಾರವಾಗುವುದು ರೋಗಿ ದಿನವೂ ಉಣ್ಣುವ ಊಟದ ಮೇಲೆ. ಆಸ್ಪತ್ರೆಯ ಗಂಜಿಗೆ ಹೊಂದಿಸಿದ ಡೋಸ್ ಹಿಡಿದು ಮನೆಗೆ ಬಂದು ಬಸಳೆ–ಮರುವಾಯಿ (ಚಿಪ್ಪುಮೀನು) ಹೊಡೆದರೆ, ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆ ಎಂದು ತೋರಿಸುವ ಪರೀಕ್ಷೆಯ ಅಂಕೆಯಾದ ಐಎನ್‌ಆರ್ ಇಳಿಯುತ್ತದೆ, ಕವಾಟದಲ್ಲಿ ಹೆಪ್ಪು ಕೂರಬಹುದು. ಹೆದರಿ ಸೊಪ್ಪನ್ನೆಲ್ಲ ಬಿಟ್ಟರೆ ಐಎನ್‌ಆರ್ ಏರುತ್ತದೆ, ಒಸಡಲ್ಲಿ ರಕ್ತ ಜಿನುಗುತ್ತದೆ. ವಿಟಮಿನ್ ಕೆ ತೀರ ಕಡಿಮೆ ತಿನ್ನುವವರಲ್ಲೇ ಏರಿಳಿತ ಹೆಚ್ಚು ಎಂಬುದು ಈಗ ಗೊತ್ತಾಗಿದೆ. ವಾರಕ್ಕೆರಡು ಸಲ ಬಸಳೆ ಬೇಯುವ ಮನೆಯಾದರೆ ಹಾಗೆಯೇ ಬೇಯಲಿ, ಡೋಸನ್ನು ಅದಕ್ಕೆ ಹೊಂದಿಸಬಹುದು. ಇದನ್ನು ವಿವರಿಸಲು ಹತ್ತು ನಿಮಿಷ ಬೇಕು. "ಸೊಪ್ಪು ಬಿಡಿ" ಎನ್ನಲು ಒಂದು ಉಸಿರು ಸಾಕು. ಹೊರಗಿನ ಬೆಂಚಿನಲ್ಲಿ ಸಾಲು ಉದ್ದವಿದ್ದಾಗ ಯಾವುದು ಗೆಲ್ಲುತ್ತದೆ ಎಂದು ಹೇಳಬೇಕಿಲ್ಲ. ಮಟ್ಟುಗುಳ್ಳಕ್ಕೂ ಮಂಗಳೂರು ಸೌತೆಗೂ ಈ ರಗಳೆ ಇಲ್ಲ, ಅವನ್ನೂ ಬಿಟ್ಟವರಿದ್ದಾರೆ!

ನಿಜವಾಗಿ ಜಾಗ್ರತೆ ಬೇಕಾದದ್ದು ತುಳುವರ ಮಳೆಗಾಲದ ತಿಂಗಳಾದ ಆಟಿಯಲ್ಲಿ. ಕೆಸುವಿನೆಲೆಯ ಪತ್ರೊಡೆ, ತಜಂಕು ಸೊಪ್ಪಿನ ಪಲ್ಯ, ತಿಮರೆ (ಒಂದೆಲಗ) ಚಟ್ನಿ ಒಟ್ಟೊಟ್ಟಿಗೆ ಎಲೆಗೆ ಬೀಳುವ ತಿಂಗಳದು. 'ಆಟಿಡೊಂಜಿ ದಿನ' ಊಟ ಉಂಡು ಬಂದವರು ರಕ್ತ ಪರೀಕ್ಷೆಯನ್ನು ಮುಂದೆ ಹಾಕಬಾರದು. ಜ್ವರ, ಬೇಧಿ, ಆಂಟಿಬಯಾಟಿಕ್ ಬಂದಾಗಲೂ ಅಷ್ಟೆ, ಆಗ ಐಎನ್‌ಆರ್ ಹೆಚ್ಚಾಗಿ ಏರುವ ಕಡೆಗೆ ಹೋಗುತ್ತದೆ.

ಸೊಪ್ಪಿನ ಗೊಡವೆಯಿಲ್ಲದ ಹೊಸ ಮಾತ್ರೆಗಳು ಬಂದಿವೆಯಲ್ಲ ಎಂದು ಕೇಳುವವರಿದ್ದಾರೆ. ಬಂದಿವೆ, ಆದರೆ ಎಲ್ಲರಿಗೂ ಅಲ್ಲ. ಲೋಹದ ಕವಾಟದವರಲ್ಲಿ ಡಾಬಿಗಟ್ರಾನ್ ಎಂಬ ಹೊಸ ಮಾತ್ರೆ ಪ್ರಯೋಗಿಸಿದಾಗ ಹೆಪ್ಪೂ ರಕ್ತಸ್ರಾವವೂ ಹೆಚ್ಚಾಗಿ ಅಧ್ಯಯನವನ್ನು ನಡುವೆಯೇ ನಿಲ್ಲಿಸಿದರು. ರುಮ್ಯಾಟಿಕ್ ಜ್ವರದಿಂದ ಕವಾಟ ಕೆಟ್ಟು ಹೃದಯದ ಬಡಿತ ಲಯ ತಪ್ಪಿದವರಲ್ಲಿ ಇನ್ನೊಂದು ಹೊಸ ಮಾತ್ರೆ ರಿವರಾಕ್ಸಬಾನ್‌ಗಿಂತ ವಾರ್ಫರಿನ್ನಿನ ಹಳೆಯ ಬಳಗವೇ ವಾಸಿ ಎಂದು 2022ರಲ್ಲಿ ಪ್ರಕಟವಾದ ಇನ್‌ವಿಕ್ಟಸ್ ಅಧ್ಯಯನ ಹೇಳಿತು. ಅದರಲ್ಲಿ ಭಾರತದ ರೋಗಿಗಳೂ ಇದ್ದರು.

ಇನ್ನು ಬೆಳ್ಳುಳ್ಳಿ. ಅದು ಹಿಡಿಯುವುದು ಬೇರೆ ದಾರಿ, ರಕ್ತದಲ್ಲಿ ಹೆಪ್ಪು ಕಟ್ಟುವ ಸಣ್ಣ ಕಣಗಳಾದ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟುವುದನ್ನು ಸ್ವಲ್ಪ ತಗ್ಗಿಸುತ್ತದೆ. ಹಾಗಾಗಿ ಅದು ಮಾತ್ರೆಯ ಬದಲಿಯಾಗದು. ಸಾರಿನ ಒಗ್ಗರಣೆಗೆ ಬಿದ್ದ ನಾಲ್ಕು ಎಸಳಿಗೆ ಅಂಜಬೇಕಿಲ್ಲ. ಬೆಳ್ಳುಳ್ಳಿ ಕ್ಯಾಪ್ಸೂಲನ್ನು ವಾರ್ಫರಿನ್ ಜೊತೆ ನುಂಗಿದರೆ ರಕ್ತಸ್ರಾವದ ಅಪಾಯ ಕೂಡಿಕೊಳ್ಳುತ್ತದೆ. ಶಸ್ತ್ರಚಿಕಿತ್ಸೆಗೆ ವಾರ ಮೊದಲೇ ಅದನ್ನು ನಿಲ್ಲಿಸಲು ಹೇಳುವುದು ಇದಕ್ಕೇ. "ಬೇರೆ ಮದ್ದು ಏನಾದರೂ ಉಂಟಾ?" ಎಂದು ವೈದ್ಯರು ಕೇಳಿದಾಗ ಈ ಕ್ಯಾಪ್ಸೂಲೂ ಕಷಾಯದ ಪುಡಿಯೂ ರೋಗಿಯ ಕಣ್ಣಿಗೆ ಮದ್ದಿನ ಲೆಕ್ಕಕ್ಕೆ ಬರುವುದಿಲ್ಲ, "ಇಲ್ಲ" ಎಂದೇ ಉತ್ತರ ಬರುತ್ತದೆ. ಕ್ಯಾಪ್ಸೂಲಿನ ಬಾಟಲಿಯನ್ನು, ಪುಡಿಯ ಪೊಟ್ಟಣವನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ ಮೇಜಿನ ಮೇಲೆ ಇಟ್ಟರೆ ಆಯಿತು.