ಏಳರ ಪದ, ಎಂಟರ ಡ್ರಮ್ಮು: ಗೋವಿನ ಹಾಡು ಬ್ಯಾಂಡಿಗೆ ಬಂದ ದಾರಿ

ಸಿರಸಿ, ಸಿದ್ದಾಪುರ, ಹೊನ್ನಾವರ ಕಡೆಯ ಶಾಲೆಗಳಲ್ಲಿ ಗ್ಯಾದರಿಂಗ್ ಎಂದರೆ ಪುಣ್ಯಕೋಟಿ ಇರಲೇಬೇಕು. ಈಗ ಅದಕ್ಕೆ ಕೀಬೋರ್ಡು, ಗಿಟಾರು, ಡ್ರಮ್ ಪ್ಯಾಡು ಕೂಡಿಸುವ ಆಸೆ ಹುಟ್ಟಿದೆ. ಒಳ್ಳೆಯ ಆಸೆಯೇ. ಆದರೆ ಮೊದಲ ದಿನದ ತಾಲೀಮಿನಲ್ಲೇ ತೊಡಕು ಶುರು. ಮಕ್ಕಳು ಸರಿಯಾಗಿ ಹಾಡುತ್ತಾರೆ, ಡ್ರಮ್ಮೂ ಸರಿಯಾಗಿ ಬೀಳುತ್ತದೆ, ಎರಡೂ ಕೂಡುವುದಿಲ್ಲ. ಎರಡನೇ ಸಾಲಿಗೆ ಬರುವಷ್ಟರಲ್ಲಿ ಒಂದು ಮುಂದೆ, ಒಂದು ಹಿಂದೆ. ಮಕ್ಕಳನ್ನು ಗದರಿ ಪ್ರಯೋಜನವಿಲ್ಲ. ಪದ ಏಳರ ನಡೆಯದ್ದು, ಕೀಬೋರ್ಡಿನೊಳಗೆ ಸಿದ್ಧವಾಗಿರುವ ರಿದಂ ಎಂಟರದ್ದು.

ಬೆರಳು ಮಡಿಚಿ ಮಾತ್ರೆ ಎಣಿಸಿ ನೋಡಿ: ಹ್ರಸ್ವಕ್ಕೆ ಒಂದು, ದೀರ್ಘಕ್ಕೆ ಎರಡು, ಸೊನ್ನೆ ಇದ್ದರೆ ಅಥವಾ ಮುಂದೆ ಒತ್ತಕ್ಷರ ಬಂದರೂ ಎರಡು. ‘ಸತ್ಯವೇ ನಮ್ಮ ತಾಯಿ ತಂದೆ’ ಎಂಬ ಸಾಲು ಹಾಡಿನಲ್ಲಿ ಹೀಗೆ ತುಂಡಾಗುತ್ತದೆ: ಸತ್ಯ (3), ವೇ ನಮ್ (4), ಮ ತಾ (3), ಯಿ ತಂದೆ (4). ಒಟ್ಟು 14. ‘ಖಂಡವಿದೆಕೋ ಮಾಂಸವಿದೆಕೋ’ ಕೂಡ ಹಾಗೆಯೇ, 3-4-3-4. ನಾಲ್ಕನೇ ಸಾಲು ಮಾತ್ರ ಮೋಟು: ಮೆಚ್ಚ (3), ನಾ ಪರ (4), ಮಾತ್ಮ (3), ಕೊನೆಯ ‘ನು’ ಎಳೆದರೆ 2. ಅಲ್ಲಿಗೆ 12, ಮೇಲೆ ಎರಡು ಮಾತ್ರೆ ಉಸಿರಿಗೆ. ‘ತಕಿಟ ತಕದಿಮಿ’ ಎಂದು ಬಾಯಲ್ಲಿ ಹೇಳುತ್ತ ಚಪ್ಪಾಳೆ ಹಾಕಿದರೆ ಒಂದು ನುಡಿಗೆ, ಅಂದರೆ ನಾಲ್ಕು ಸಾಲಿಗೆ, ಎಂಟು ಸುತ್ತು, 56 ಮಾತ್ರೆ.

ಕುಮಾರವ್ಯಾಸನ ಭಾಮಿನಿ ಷಟ್ಪದಿಯ ಸಾಲೂ ಇದೇ 3-4ರ ಕಡಿತದ್ದು. ನಮ್ಮ ಜಿಲ್ಲೆಯ ಕಿವಿಗೆ ಏಳು ಹೊಸದಲ್ಲ ಎನ್ನಲು ಇನ್ನೂ ಹತ್ತಿರದ ಸಾಕ್ಷಿ ಯಕ್ಷಗಾನದ ತ್ರಿವುಡೆ, ಅದೂ ಏಳಕ್ಷರದ ತಾಳ. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಕಟ್ಟಿದ ಇಡಗುಂಜಿ ಮೇಳದ ಆಟ ನೋಡುತ್ತ, ನೆಬ್ಬೂರು ನಾರಾಯಣ ಭಾಗವತರ ಪದ ಕೇಳುತ್ತ ರಾತ್ರಿ ಬೆಳಗು ಮಾಡಿದವರಿಗೆ ಏಳನ್ನು ಎಣಿಸಿಕೊಡಬೇಕಾಗಿಯೇ ಇಲ್ಲ, ಕಾಲು ತಾನಾಗಿ ಹಾಕುತ್ತದೆ. ‘ಪಾಪ್ ಎಂದರೆ ನಾಲ್ಕರ ಬೀಟ್, ಜನಕ್ಕೆ ಏಳು ಹಿಡಿಸದು’ ಎಂಬ ಮಾತು ಇಲ್ಲಿ ನಿಲ್ಲುವುದಿಲ್ಲ.

ಹಾಗೆಂದು ಮಕ್ಕಳ ಪದ್ಯವೆಲ್ಲ ಏಳರಲ್ಲಿದೆ ಎಂದಲ್ಲ. ನಮ್ಮ ಅಂಕೋಲೆಯ ದಿನಕರ ದೇಸಾಯಿಯವರ ‘ಗಂಟೆಯ ನೆಂಟನೆ ಓ ಗಡಿಯಾರ’ ತೆಗೆದುಕೊಳ್ಳಿ: ಗಂಟೆಯ (4), ನೆಂಟನೆ (4), ಓ ಗಡಿ (4), ಯಾರ (ಎಳೆದರೆ 4). ಯಾವ ಕೀಬೋರ್ಡಿನ ಯಾವ ‘8 ಬೀಟ್’ ಒತ್ತಿದರೂ ಕೂತುಬಿಡುತ್ತದೆ. ಒಂದಕ್ಕೆ ಒಗ್ಗಿದ ಬಟನ್ ಇನ್ನೊಂದಕ್ಕೂ ಒಗ್ಗುತ್ತದೆ ಎಂದುಕೊಂಡಲ್ಲಿ ಕೆಲಸ ಕೆಡುತ್ತದೆ.

ಕಥೆ ಹಾಡಿಗಿಂತ ಹಳೆಯದು. ಪದ್ಮಪುರಾಣದ ಸೃಷ್ಟಿಖಂಡದಲ್ಲಿ ನಂದಾ ಎಂಬ ಹಸು ಹುಲಿಗೆ ಮಾತು ಕೊಟ್ಟು, ಕರುವನ್ನು ಕಂಡು ಮರಳಿ ಬರುತ್ತದೆ. ಅಲ್ಲಿಯ ಹುಲಿ ಪ್ರಭಂಜನನೆಂಬ ಅರಸ. ಮರಿಗೆ ಹಾಲೂಡುತ್ತಿದ್ದ ಹುಲ್ಲೆಯನ್ನು ಹೊಡೆದು ಶಾಪ ಪಡೆದವನು. ಹಸುವಿನ ಹೆಸರು ಕೇಳುತ್ತಲೇ ಶಾಪ ಕಳೆದು ಮತ್ತೆ ಅರಸನಾಗುತ್ತಾನೆ. ಕನ್ನಡದ ಹಾಡಿನಲ್ಲಿ ಶಾಪವೂ ಇಲ್ಲ, ಬಿಡುಗಡೆಯೂ ಇಲ್ಲ. ಅರ್ಬುತ ಬರೀ ಹಸಿದ ಹುಲಿ. ಹಸುವಿನ ಸತ್ಯ ಕಂಡು, ಅಳುತ್ತ, ಹಾರಿ ನೆಗೆದು ಸಾಯುತ್ತದೆ. ಬರೆದವರ ಹೆಸರಿಲ್ಲದೆ ಬಾಯಿಂದ ಬಾಯಿಗೆ ಬಂದ ಪದ ಮುಂದೆ ಅಚ್ಚಾಯಿತು, ಪಠ್ಯಪುಸ್ತಕ ಸೇರಿತು. ಎಸ್.ಎಲ್. ಭೈರಪ್ಪನವರು 1968ರ ಕಾದಂಬರಿಗೆ ‘ತಬ್ಬಲಿಯು ನೀನಾದೆ ಮಗನೆ’ ಎಂಬ ಸಾಲನ್ನೇ ಹೆಸರಾಗಿಟ್ಟರು. 1977ರಲ್ಲಿ ಗಿರೀಶ ಕಾರ್ನಾಡ ಮತ್ತು ಬಿ.ವಿ. ಕಾರಂತರು ಅದನ್ನು ಸಿನಿಮಾ ಮಾಡಿದರು. 2020ರಲ್ಲಿ ಇದೇ ಕಥೆ ಇಳಯರಾಜ ಅವರ ಸಂಗೀತದೊಂದಿಗೆ ಸಂಸ್ಕೃತದ ಆ್ಯನಿಮೇಷನ್ ಚಿತ್ರವಾಯಿತು.

ಇನ್ನು ಎಂಟಕ್ಕೆ ಒಗ್ಗಿಸಿದರೆ ಆಗುವುದೇನು? ಏಳನ್ನು ಎಂಟು ಮಾಡಲು ಮೂರರ ತುಂಡನ್ನು ನಾಲ್ಕಕ್ಕೆ ಎಳೆಯಬೇಕು. ‘ಸತ್ಯ’ ಹೋಗಿ ‘ಸತ್ಯಾ’, ‘ಧರಣಿ’ ಹೋಗಿ ‘ಧರಣೀ’, ‘ಖಂಡ’ ಹೋಗಿ ‘ಖಂಡಾ’. ಜನಪದರೂ ಎಳೆಯುತ್ತಾರೆ, ನಿಜ: ‘ಹಬ್ಬಿದಾ ಮಲೆ’ ಎನ್ನುವಲ್ಲಿ ‘ದಾ’ ದೀರ್ಘವಾದದ್ದು ನಾಲ್ಕರ ತುಂಡು ತುಂಬಲಿಕ್ಕೆ. ಅದು ನಡೆಯ ಒಳಗಿನ ಎಳೆತ. ಪ್ರತಿ ಮೂರನ್ನೂ ನಾಲ್ಕು ಮಾಡಿದರೆ ಗಿಡ್ಡ-ಉದ್ದ, ಗಿಡ್ಡ-ಉದ್ದ ಎಂಬ ಹಸುವಿನ ನಡಿಗೆಯೇ ಹೋಗಿ ಕವಾಯತು ಉಳಿಯುತ್ತದೆ.

ಇನ್ನೊಂದು ಜಾರುಗಲ್ಲು ‘ಗಂಗೆ ಬಾರೆ ಗೌರಿ ಬಾರೆ’. ಪಲ್ಲವಿಗೆ ಇದಕ್ಕಿಂತ ಒಳ್ಳೆಯ ನುಡಿ ಸಿಕ್ಕದು; ಆದರೆ ಬರಹದಲ್ಲಿ ಇದರ ತುಂಡುಗಳೆಲ್ಲ ಮೂರರವು: ಗಂಗೆ, ಬಾರೆ, ಗೌರಿ, ಬಾರೆ. ಆದ್ದರಿಂದ ಮೂರು-ಮೂರರ 6/8 ರಿದಂ ಹಾಕುವ ಮನಸ್ಸಾಗುತ್ತದೆ, ಮೂರು ಸಾಲು ಚೆಂದವಾಗಿ ಓಡುತ್ತದೆ ಕೂಡ. ನಾಲ್ಕನೆಯದರಲ್ಲಿ ‘ಗೊಲ್ಲನು’ ಎಂಬ ನಾಲ್ಕು ಮಾತ್ರೆ ಬಂದು ಮುಗ್ಗರಿಸುತ್ತದೆ. ‘ಬಾರೇ’ ಎಂದು ಒಂದು ಮಾತ್ರೆ ಎಳೆದು ಏಳರಲ್ಲೇ ಹಾಡಬೇಕು. ಬೇಣದ (ಹುಲ್ಲುಗಾವಲಿನ) ಅಂಚಿನಲ್ಲಿ ನಿಂತು ದನ ಕರೆಯುವವರ ಬಾಯಲ್ಲೂ ಆ ಎಳೆತ ಇದ್ದೇ ಇರುತ್ತದೆ.

ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡುವವರು ಮೊದಲೇ ಟೈಮ್ ಸಿಗ್ನೇಚರ್ 7/8 ಮಾಡಿಕೊಳ್ಳಲಿ, ಟೆಂಪೊ 105 ಇಡಲಿ. ಆಗ ಒಂದು ಬೀಟಿಗೆ ಎರಡು ಮಾತ್ರೆಯಂತೆ ನಿಮಿಷಕ್ಕೆ 210 ಮಾತ್ರೆ, ಒಂದು ನುಡಿಗೆ 16 ಸೆಕೆಂಡು. ಲಯ ತೋರಿಸುವ ಕ್ಲಿಕ್ಕಿನ ಒತ್ತು 1 ಮತ್ತು 4ನೇ ಮಾತ್ರೆಗೆ. ಕಿಕ್ (ಕಾಲಲ್ಲಿ ಒದೆಯುವ ದೊಡ್ಡ ಡ್ರಮ್ಮು) ಒಂದಕ್ಕೆ, ಸ್ನೇರ್ (ಕೋಲಲ್ಲಿ ಹೊಡೆಯುವ ಸಣ್ಣ ಡ್ರಮ್ಮು) ನಾಲ್ಕಕ್ಕೆ. ಹೈಹ್ಯಾಟ್ (ಜೋಡಿ ಸಿಂಬಲ್) ಮೊದಮೊದಲು ಬೇಡ, ಅದು ಮಕ್ಕಳ ಗಮನ ಸೆಳೆದು ಓಟ ಹೆಚ್ಚಿಸುತ್ತದೆ. ನಾಲ್ಕು ನಿಮಿಷದ ಹಾಡಿನಲ್ಲಿ ಆರಂಭದ ಮತ್ತು ನಡುವಿನ ಬಿಜಿಎಂ (ಬರೀ ವಾದ್ಯದ ಭಾಗ) ಕಳೆದರೆ ಹತ್ತು ನುಡಿ ಹಿಡಿಯುತ್ತದೆ, ಹೆಚ್ಚೆಂದರೆ ಹನ್ನೊಂದು. ಇಡೀ ಪದವನ್ನು ತುರುಕಲು ಹೋದರೆ ಟೆಂಪೊ ಏರಿಸಬೇಕಾಗುತ್ತದೆ, ‘ಆರ ಮೊಲೆಯ ಕುಡಿಯಲಮ್ಮ’ ಎಂಬ ಕರುವಿನ ಅಳಲು ಮಗ್ಗಿಯಾಗುತ್ತದೆ.

ಒಂದು ಸೋಜಿಗ ಹೇಳಲೇಬೇಕು. ಏಳೆಂಟಲ 56, ಎಂಟೇಳಲ 56. ಅಂದರೆ ಹಾಡು ಏಳರಲ್ಲೂ ಡ್ರಮ್ಮು ಎಂಟರಲ್ಲೂ ನಡೆದರೆ ಪ್ರತಿ ನುಡಿಯ ಕೊನೆಗೆ ಎರಡೂ ತಂತಾನೇ ಬಂದು ಸೇರುತ್ತವೆ. ಲಯ ಗಟ್ಟಿಯಿದ್ದ ಬ್ಯಾಂಡು ಹುಲಿಯ ಅಬ್ಬರದ ಒಂದು ನುಡಿಗೆ ಇದನ್ನು ಬಳಸಬಹುದು. ನಡುವೆ ಕೇಳುಗನಿಗೆ ನೆಲ ಅಲುಗಿದ ಹಾಗಾಗುತ್ತದೆ, ಅಲ್ಲಿ ಬೇಕಾದದ್ದೂ ಅದೇ. ಹಾಡಿನುದ್ದಕ್ಕೂ ಮಾಡಿದರೆ ತಲೆ ಸುತ್ತುತ್ತದೆ.

ಮದ್ದಳೆ, ಚಂಡೆ ಕೂಡಿಸುವುದಾದರೆ ಶ್ರುತಿ ಮೊದಲೇ ಗೊತ್ತುಮಾಡಿ. ಮದ್ದಳೆ ಹಾಡುವವರ ಷಡ್ಜಕ್ಕೆ ಕೂಡಿಸಿದ್ದು. ಪಾಪ್ ಹಾಡುಗಳಲ್ಲಿ ಕೊನೆಯ ಚರಣಕ್ಕೆ ಶ್ರುತಿ ಒಂದು ಮನೆ ಏರಿಸುವ ರೂಢಿ ಇದೆಯಲ್ಲ, ಅದನ್ನು ಮಾಡಿದರೆ ಕೀಬೋರ್ಡು ಏರುತ್ತದೆ, ಮದ್ದಳೆ ಅಲ್ಲೇ ಉಳಿದು ಅಪಸ್ವರವಾಗುತ್ತದೆ. ಏರಿಸಲೇಬೇಕಿದ್ದರೆ ಎರಡನೇ ಮದ್ದಳೆ ಕೂಡಿಸಿ ಪಕ್ಕದಲ್ಲಿಡಬೇಕು. ಕಾರವಾರದ ಕಡಲ ದಂಡೆಯಂಥ ಬಯಲು ವೇದಿಕೆಯಲ್ಲಿ ತೇವದ ಗಾಳಿಗೆ ಚರ್ಮ ಸಡಿಲುತ್ತದೆ. ಹಾಡಿಗೆ ಐದು ನಿಮಿಷ ಮುಂಚೆ ಇನ್ನೊಮ್ಮೆ ಶ್ರುತಿ ನೋಡಿಕೊಳ್ಳಬೇಕು.

ಕಥೆಯನ್ನು ಪೂರ್ತಿ ಹೇಳದೆಯೂ ಹಾಡು ಕಟ್ಟಬಹುದು. ಲೂಯಿಸ್ ಕ್ಯಾರಲ್‌ನ 1865ರ ಆಲಿಸ್ ಕಥೆಯಿಂದ ಅಮೆರಿಕದ ಜೆಫರ್ಸನ್ ಏರ್‌ಪ್ಲೇನ್ ತಂಡ 1967ರಲ್ಲಿ ‘ವೈಟ್ ರ‍್ಯಾಬಿಟ್’ ಹಾಡಿತು. ತಂಡದ ಗಾಯಕಿ ಗ್ರೇಸ್ ಸ್ಲಿಕ್ ಬರೆದ ಆ ಹಾಡು ಎರಡೂವರೆ ನಿಮಿಷದ್ದು. ಕಥೆಯಿಲ್ಲ, ಮೊಲ, ಕಂಬಳಿಹುಳು, ಹಿಗ್ಗಿ ಕುಗ್ಗುವ ಹುಡುಗಿ, ಸ್ಪೇನಿನ ಬೊಲೆರೊ ಕುಣಿತದ ಲಯದಲ್ಲಿ ಮೆಲ್ಲಗೆ ಏರುತ್ತ ಹೋಗುವ ದನಿ, ಅಷ್ಟೆ. ಕಥೆ ಕೇಳುವವರಿಗೆ ಮೊದಲೇ ಗೊತ್ತು ಎಂಬ ಭರವಸೆಯ ಮೇಲೆ ನಿಂತ ಹಾಡು ಅದು. ಕನ್ನಡದವರಿಗೆ ಪುಣ್ಯಕೋಟಿಯ ಕಥೆ ಅದಕ್ಕಿಂತ ಹೆಚ್ಚು ಗೊತ್ತು. ದೊಡ್ಡಿ, ಕರು, ಹುಲಿ, ಈ ಮೂರೇ ಚಿತ್ರ ಸಾಕು. ಗೊಲ್ಲನ ವರ್ಣನೆ ಬಿಟ್ಟರೂ ಹಾಡು ನಿಲ್ಲುತ್ತದೆ.

ಹುಲಿಯ ಸಾವನ್ನು ಮಾತ್ರ ಬಿಡಬಾರದು. ಮಕ್ಕಳಿಗೆ ಯಾಕೆ ಎಂದು ಅದನ್ನು ಕತ್ತರಿಸಿ, ಹಸು-ಕರು ಕೂಡಿದಲ್ಲಿಗೆ ಮುಗಿಸುವ ಯೋಚನೆ ಬರುತ್ತದೆ. ದೀಪಾವಳಿಗೆ ಕೊಟ್ಟಿಗೆಯ ದನಗಳಿಗೂ ಹುಲಿಯಪ್ಪನ ಕಲ್ಲಿಗೂ ಪೂಜೆ ಮಾಡುವ ಸೀಮೆ ನಮ್ಮದು. ಇಲ್ಲಿಯ ಮಕ್ಕಳು ಹುಲಿಗಾಗಿಯೂ ಅಳಬಲ್ಲರು. ‘ತನ್ನ ಪ್ರಾಣವ ಬಿಟ್ಟಿತು’ ಎಂಬ ಸಾಲು 3-4-3 ನಡೆದು ‘ತು’ ಎಂಬಲ್ಲಿ ನಿಲ್ಲುತ್ತದೆ, ಮುಂದೆ ಎರಡು ಮಾತ್ರೆ ಖಾಲಿ. ಡ್ರಮ್ಮಿನವರ ಕೈ ಅಲ್ಲೊಂದು ಸಿಂಬಲ್ ಹೊಡೆಯಲು ಹಾತೊರೆಯುತ್ತದೆ. ಬೇಡ ಎಂದು ಮೊದಲೇ ಹೇಳಿಡಿ. ತಾಳವೂ ಬೇಡ, ಕೀಬೋರ್ಡಿನ ಎಳೆತವೂ ಬೇಡ. ಆ ಎರಡು ಮಾತ್ರೆ ಹಾಗೇ ಇರಲಿ.